ನಮ್ಮ ಸೋದರತ್ತೆ ದೆವ್ವವಾದದ್ದು

ನಾನು ಹಿಂದಕ್ಕೆ ನಡೆಯುವವನು. ಒಗಟೇನಲ್ಲ, ನನ್ನ ಕಸುಬೇ ಅದು. ಮದುವೆ ವಿಡಿಯೋ ತೆಗೆಯುವವರೆಲ್ಲ ಹಿಂದಕ್ಕೆ ನಡೆಯುವವರೇ. ಗಂಡು ಹೆಣ್ಣು ಛತ್ರದ ಬಾಗಿಲಿನಿಂದ ಮಂಟಪದ ಕಡೆ ಮುಂದೆ ಮುಂದೆ ಬರುತ್ತಿದ್ದರೆ, ನಾವು ಅವರ ಮುಖ ನೋಡಿಕೊಂಡು ಹಿಂದೆ ಹಿಂದೆ ಸರಿಯಬೇಕು. ಮಧುಗಿರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿ ಮಾಡಿ, ಈಗ ಮನೆಯಲ್ಲೂ ನನಗೆ ಅದೇ ನಡಿಗೆ. ಅಡುಗೆಮನೆಯಲ್ಲಿ ಕಾಫಿ ಲೋಟ ಈಸಿಕೊಂಡು, ಹೆಂಡತಿಯ ಜೊತೆ ಮಾತಾಡುತ್ತಲೇ ಹಿಂದಕ್ಕೆ ಬಂದು, ಹೊಸಿಲು ದಾಟಿ, ಒಂದು ತೊಟ್ಟೂ ಚೆಲ್ಲದೆ ಕುರ್ಚಿಯ ಮೇಲೆ ಕೂರುತ್ತೇನೆ. "ನಿಮಗೆ ಬೆನ್ನಲ್ಲೂ ಎರಡು ಕಣ್ಣಿವೆ ಕಣ್ರೀ" ಎನ್ನುತ್ತಾಳೆ ಲತಾ. ಅದು ಹೊಗಳಿಕೆಯೋ ತೆಗಳಿಕೆಯೋ ನಾನು ವಿಚಾರಿಸಲು ಹೋಗಿಲ್ಲ.

ಬೆನ್ನಿನ ಕಣ್ಣು ಕೈಕೊಟ್ಟದ್ದೂ ಉಂಟು. ಒಮ್ಮೆ ಶಿರಾದಲ್ಲಿ ಒಂದು ನಿಕಾಹ್. ಮದುಮಗ ಹೂವಿನ ಪರದೆಯೊಳಗಿಂದ ಗಂಭೀರವಾಗಿ ಬರುತ್ತಿದ್ದ. ನಾನು ಹಿಂದೆ ಹಿಂದೆ ಹೋಗುತ್ತ ಹೋಗುತ್ತ, ಕುರ್ಚಿಯಲ್ಲಿ ಕೂತಿದ್ದ ಅವನ ತಾತನ ತೊಡೆಯ ಮೇಲೇ ಕೂತುಬಿಟ್ಟೆ. ಮುದುಕಪ್ಪ ಬೈಯಲಿಲ್ಲ. "ಬೈಠೋ ಬೇಟಾ, ಬೈಠೋ, ಸುಸ್ತಾಗಿರ್ತದೆ" ಎಂದು ಬೆನ್ನು ಸವರಿದರು. ಆ ದೃಶ್ಯದಲ್ಲಿ ಕ್ಯಾಮೆರಾ ಒಮ್ಮೆ ಕುಲುಕಿ, ಒಂದಡಿ ಕೆಳಗಿಳಿದು, ಹಾಗೇ ನಿಂತುಬಿಡುತ್ತದೆ. ನೋಡಿದವರೆಲ್ಲ ಇದೇನೋ ಹೊಸ ಬಗೆಯ ಶಾಟ್ ಅಂದುಕೊಂಡರು. ನಾನೂ ಹೌದೆಂದೆ.

ಚಿಕ್ಕಂದಿನಲ್ಲಿ ದೆವ್ವವನ್ನು ಗುರುತಿಸುವುದು ಹೇಗೆಂದು ನಮಗೆ ಹೇಳಿಕೊಟ್ಟಿದ್ದರು. ಮುಖ ನೋಡಬಾರದು, ಪಾದ ನೋಡಬೇಕು. ದೆವ್ವದ ಪಾದ ಹಿಂದುಮುಂದು ತಿರುಗಿರುತ್ತದೆ. ಆ ಲೆಕ್ಕದಲ್ಲಿ ಮುಖ ಒಂದು ಕಡೆ, ನಡಿಗೆ ಒಂದು ಕಡೆ ಇರುವ ನಾನೇ ದೆವ್ವಕ್ಕೆ ಹತ್ತಿರದ ನೆಂಟ. ಆದರೆ ಮೊನ್ನೆ ಮೊನ್ನೆಯ ತನಕ ದೆವ್ವಕ್ಕೂ ನನ್ನ ಕ್ಯಾಮೆರಾಕ್ಕೂ ಮುಖಾಮುಖಿ ಆಗಿರಲಿಲ್ಲ. ಮಾಡಿಸಿದವಳು ನನ್ನ ಮಗಳು ಸಿಂಚನ.

ಅವಳು ಡಿಗ್ರಿಯಲ್ಲಿ ಪತ್ರಿಕೋದ್ಯಮ ಓದುತ್ತಾಳೆ. ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದರು. ಒಂದೇ ನಿಮಿಷದ ಹಾರರ್ ಟ್ರೈಲರ್ ಮಾಡಿಕೊಂಡು ಬರಬೇಕು. ಸಿನಿಮಾ ಇರಬೇಕಾಗಿಲ್ಲ, ಟ್ರೈಲರ್ ಮಾತ್ರ ಸಾಕು. ಎಲ್ಲರದನ್ನೂ ಕಾಲೇಜಿನ ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ, ಮನೆಯವರನ್ನೆಲ್ಲ ಕರೆದು ತೋರಿಸುತ್ತಾರಂತೆ. "ಅಪ್ಪಾ, ಕ್ಯಾಮೆರಾ ನೀನೇ ಹಿಡೀಬೇಕು" ಎಂದಳು. ಎದೆಯುಬ್ಬಿತು. ಸಾವಿರ ಮದುವೆ ತೆಗೆದವನಿಗೆ ಒಂದು ದೆವ್ವ ಯಾವ ಲೆಕ್ಕ? ಅದೇ ಶನಿವಾರ ಮಧ್ಯಾಹ್ನ ಲತಾಳಿಗೆ ಬಿಳಿ ಸೀರೆ ಉಡಿಸಿ, ಕೂದಲು ಬಿಚ್ಚಿಸಿ, ಕಿಟಕಿಗೆಲ್ಲ ಕಂಬಳಿ ಕಟ್ಟಿ, ತೆಗೆದೇ ತೆಗೆದೆ.

ಸಂಜೆ ಮಗಳು ಲ್ಯಾಪ್‌ಟಾಪಿಗೆ ಹಾಕಿಕೊಂಡು ನೋಡಿದಳು. ಮೊದಲ ದೃಶ್ಯಕ್ಕೇ ನಿಲ್ಲಿಸಿದಳು.

"ಅಪ್ಪಾ, ಇದರಲ್ಲಿ ಗಣಪತಿ ಫೋಟೋ ಯಾಕೆ ಬಂತು?"

"ಶುರುವಿಗೆ ಗಣಪತಿ ಬೇಡ್ವೇನಮ್ಮ? ವಿಘ್ನ ಬರಬಾರದಲ್ಲ."

"ವಿಘ್ನ ಬರಲಿ ಅಂತಾನೇ ಅಲ್ವಾ ಈ ಟ್ರೈಲರ್ ಮಾಡ್ತಿರೋದು!"

ನಿಜ ಹೇಳುತ್ತೇನೆ, ಗಣಪತಿಯನ್ನು ತೆಗೆದದ್ದು ನನಗೇ ಗೊತ್ತಿರಲಿಲ್ಲ. ಕೈ ತಾನಾಗಿ ಹೋಗಿ ತೆಗೆದುಕೊಂಡು ಬಂದಿತ್ತು. ಮುಂದಿನದಂತೂ ಇನ್ನೂ ಚೆಂದ. ದೆವ್ವ ಬಾಗಿಲಲ್ಲಿ ನಿಂತಿದೆ. ಎಡಕ್ಕೊಂದು ಬಲಕ್ಕೊಂದು ದೀಪ ಇಟ್ಟು ಮುಖದ ಮೇಲೆ ಒಂದು ಗೆರೆ ನೆರಳೂ ಇಲ್ಲದ ಹಾಗೆ ಬೆಳಗಿಸಿದ್ದೇನೆ. ಹಿಂದಿನಿಂದ ನನ್ನ ದನಿ: "ಸೆರಗು ಸರಿ ಮಾಡ್ಕೋ. ಗಲ್ಲ ಎತ್ತು. ಹಾಂ, ಸ್ವಲ್ಪ ನಗು." ದೆವ್ವ ನಕ್ಕಿದೆ. ಆಮೇಲೆ ಕ್ಯಾಮೆರಾ ಸರ್‍ರನೆ ದೆವ್ವದ ಕೊರಳ ಸರಕ್ಕೆ ಹೋಗಿ, ಅಲ್ಲಿಂದ ಓಲೆಗೆ ಹೋಗಿ, ಓಲೆಯಿಂದ ಬಳೆಗೆ ಬಂದಿದೆ. ಲತಾ ಮಾತ್ರ ಕಣ್ಣು ಕೀಳದೆ ನೋಡಿ, "ನಮ್ಮ ಮದುವೇಲೂ ನಾನು ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ, ಇದನ್ನ ಅಳಿಸಬೇಡ್ರೀ" ಎಂದಳು.

ಆವತ್ತಿನಿಂದ ಮಗಳು ನನಗೆ ಪಾಠ ಶುರು ಮಾಡಿದಳು. ಐವತ್ತಕ್ಕೆ ಹತ್ತಿರವಾದವನು ಬಾಯಿ ಮುಚ್ಚಿಕೊಂಡು ಕೇಳಿದೆ. ಭಯ ಇರುವುದು ದೆವ್ವದಲ್ಲಲ್ಲವಂತೆ, ದೆವ್ವ ಬರಬಹುದಾದ ಜಾಗದಲ್ಲಂತೆ. ಹುಡುಗಿಯನ್ನು ಚೌಕಟ್ಟಿನ ಒಂದು ಮೂಲೆಗೆ ನಿಲ್ಲಿಸಿ ಅವಳ ಬೆನ್ನ ಹಿಂದೆ ಸುಮ್ಮನೆ ಖಾಲಿ ಜಾಗ ಬಿಡಬೇಕು. ನೋಡುವವರ ಕಣ್ಣು ಆ ಖಾಲಿಯಲ್ಲೇ ಒದ್ದಾಡಬೇಕು. ನಾನೋ, ಎಲ್ಲಿ ಖಾಲಿ ಕಂಡರೂ "ಇನ್ನಿಬ್ಬರು ಬನ್ನಿ, ಜಾಗ ಇದೆ, ದೊಡ್ಡಪ್ಪ ನೀವೂ ಬನ್ನಿ" ಎಂದು ಕೈಬೀಸಿ ತುಂಬಿಸುವವನು. ಕ್ಯಾಮೆರಾ ಮುಂದಕ್ಕೆ ಹೋಗಬೇಕು, ಆದರೆ ಹೋಗುತ್ತಿದೆಯೆಂದು ಗೊತ್ತಾಗದಷ್ಟು ಮೆಲ್ಲಗೆ. ಬಾಗಿಲ ಸಂದಿಯಿಂದ ನೋಡಬೇಕು, ಯಾರೋ ಹೊಂಚು ಹಾಕಿದ ಹಾಗೆ. ಕೆಲವು ಸಲ ನೆಲದ ಮಟ್ಟದಲ್ಲಿಟ್ಟು ಮೇಲಕ್ಕೆ ನೋಡಬೇಕು, ಆಗ ಮನುಷ್ಯರು ರಾಕ್ಷಸರ ಹಾಗೆ ಕಾಣುತ್ತಾರೆ. ಕೊನೆಯದಾಗಿ ಮುಖ್ಯವಾದ ಪಾಠ: "ತೋರಿಸ್ಬೇಡ ಅಪ್ಪ. ಕೈ ತೋರಿಸು, ಕಾಲು ತೋರಿಸು. ಮುಖ ಮಾತ್ರ ತೋರಿಸ್ಲೇಬೇಡ. ಒಂದು ಸಲ ಮುಖ ಕಂಡರೆ ಭಯ ಹೊರಟುಹೋಗತ್ತೆ."

ಮುಖ ತೋರಿಸದೆ ಹೋದರೆ ಏನಾಗುತ್ತದೆಂದು ನನ್ನಷ್ಟು ಬಲ್ಲವರು ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಮದುವೆ ವಿಡಿಯೋದಲ್ಲಿ ಎಲ್ಲ ತಪ್ಪಿಗೂ ಮಾಫಿ ಇದೆ. ಕೊರಟಗೆರೆಯ ಒಂದು ಛತ್ರದಲ್ಲಿ ತಾಳಿ ಕಟ್ಟುವ ಹೊತ್ತಿಗೇ ಕರೆಂಟು ಹೋಗಿ, ಬಂದ ಮೇಲೆ "ಇನ್ನೊಂದ್ಸಲ ಕಟ್ಟಿದಂಗೆ ಮಾಡಿ ಸಾರ್" ಎಂದು ನಾನು ಹೇಳಿ, ಆ ಪುಣ್ಯಾತ್ಮ ನಿಜವಾಗಿಯೂ ನಾಲ್ಕನೆಯ ಗಂಟು ಹಾಕಿದ್ದ. ಅದನ್ನೂ ಜನ ನಗುತ್ತ ಮರೆತರು. ಆದರೆ ನೆಂಟರೊಬ್ಬರ ಮುಖ ಬಿಟ್ಟುಹೋದರೆ ಆ ಗಾಯ ಮಾಯುವುದಿಲ್ಲ.

ಈಗ ನಮ್ಮ ನರಸಮ್ಮತ್ತೆಯ ಕಥೆ ಹೇಳಬೇಕು. ಅಪ್ಪನ ಅಕ್ಕ. ಪಾವಗಡದ ಕಡೆ ಹಳ್ಳಿಗೆ ಕೊಟ್ಟದ್ದು. ನಮ್ಮ ಮನೆತನದಲ್ಲೇ ಅಷ್ಟು ಎತ್ತರದ ಹೆಂಗಸಿಲ್ಲ. ಯಾರ ಮನೆಗೆ ಹೋದರೂ ಬಾಗಿಲಿಗೆ ಬಗ್ಗಿಯೇ ಒಳಗೆ ಬರಬೇಕು. ಅತ್ತೆಗೆ ಕೋಪ ಬಂದರೆ ಬಾಯಲ್ಲಿ ತೆಲುಗು ಬರುತ್ತದೆ. ಇನ್ನೂ ಜಾಸ್ತಿ ಕೋಪ ಬಂದರೆ ಏನೂ ಬರುವುದಿಲ್ಲ. ಬೇಸಿಗೆ ರಜಕ್ಕೆ ನಾವು ಮಕ್ಕಳೆಲ್ಲ ಅವಳ ಮನೆಯಲ್ಲೇ ಬಿದ್ದಿರುತ್ತಿದ್ದೆವು. ನಮ್ಮ ಕಡೆ ದೆವ್ವಗಳು ರಾತ್ರಿಗಿಂತ ಮಟಮಟ ಮಧ್ಯಾಹ್ನದಲ್ಲೇ ಹೆಚ್ಚು ತಿರುಗುತ್ತವೆ ಎಂದು ನಂಬಿಕೆ. ಬಿಸಿಲಿಗೆ ಹೊರಗೆ ಓಡುತ್ತಿದ್ದ ನಮ್ಮನ್ನು ಮಲಗಿಸಲು ಅತ್ತೆ ಈ ನಂಬಿಕೆಯನ್ನು ಚೆನ್ನಾಗಿ ದುಡಿಸಿಕೊಂಡಳು. ನಾವು ಚಾಪೆಯ ಮೇಲೆ ಕಿಸಕಿಸ ಅನ್ನುತ್ತಿದ್ದರೆ ಬಾಗಿಲ ಚಿಲಕ ಒಮ್ಮೆ ಟಿಕ್ ಅನ್ನುವುದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲ ಅಂಚಿನಿಂದ ಐದು ಬೆರಳು, ಒಂದೊಂದಾಗಿ. ಆಮೇಲೆ ಒಂದು ಮೊಣಕೈ. ನಾವು ಕಿಟ್ಟನೆ ಕಿರುಚುವ ಹೊತ್ತಿಗೆ ಅತ್ತೆಯ ತಲೆ ಹೊರಬಂದು, "ಹ್ಹೆಹ್ಹೆ, ನಾನೇ ಕಣ್ರುಲಾ, ಮಲೀಕಳ್ರಿ" ಎನ್ನುವುದು. ನಗುತ್ತ ನಗುತ್ತ ನಮಗೆ ನಿದ್ದೆ ಬರುತ್ತಿತ್ತು.

ಇಂಥ ಅತ್ತೆ ನಮ್ಮ ಗೀತಕ್ಕನ ಮದುವೆಗೆ ಕಳಸಗಿತ್ತಿಯಾದಳು. ಮದುವೆ ಮುಗಿಯುವವರೆಗೆ ಕಳಸ ಹಿಡಿದು ಮದುಮಗಳ ಪಕ್ಕದಲ್ಲೇ ಇರುವ ಮರ್ಯಾದೆಯ ಕೆಲಸ. ಹಸಿರು ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಗೋಪುರದ ಹಾಗೆ ನಿಂತಿದ್ದಳು. ಆ ಮದುವೆಯೇ ನಾನು ತೆಗೆದ ಮೊದಲ ವಿಡಿಯೋ. ಗೀತಕ್ಕ ಗಿಡ್ಡ. ಅವಳ ಎತ್ತರಕ್ಕೆ ಸ್ಟ್ಯಾಂಡು ಹೊಂದಿಸಿಕೊಂಡು, ಕಳಸವನ್ನು ಸರಿಯಾಗಿ ನಡುವೆ ಇಟ್ಟುಕೊಂಡು ಶ್ರದ್ಧೆಯಿಂದ ತೆಗೆದೆ. ಮುಂದಿನ ತಿಂಗಳು ಹಳ್ಳಿಯಲ್ಲಿ ಬಾಡಿಗೆ ಟೀವಿ ತಂದು ಜಗಲಿಯ ಮೇಲಿಟ್ಟು ಎಲ್ಲರೂ ಕೂತು ನೋಡಿದರು. ಮೂರು ಗಂಟೆಯ ಕ್ಯಾಸೆಟ್ಟು. ಕಳಸ ಬಂತು, ಕಳಸದ ಮೇಲಿನ ಕಾಯಿ ಬಂತು, ವೀಳ್ಯದೆಲೆ ಬಂತು, ಅತ್ತೆಯ ಬಳೆಗಳು ಬಂದವು, ಕೊರಳ ತನಕ ಅತ್ತೆ ಬಂದಳು. ಅದರ ಮೇಲೆ ಛತ್ರದ ಬಣ್ಣದ ಕಾಗದವೂ ಇಲ್ಲ, ಏನೂ ಇಲ್ಲ; ಚೌಕಟ್ಟು ಅಲ್ಲಿಗೆ ಮುಗಿದಿತ್ತು. ಮೂರು ಗಂಟೆಯೂ ಅತ್ತೆ ಈಗ ಬಂದೇನು, ಆಗ ಬಂದೇನು ಎಂದು ಕಾದು ಕೂತಿದ್ದಳು. ಮುಗಿದ ಮೇಲೆ ಎದ್ದು, "ನನ್ ತಲೆ ಎಲ್ಲಿ ಹಾಕ್ದೆ?" ಎಂದಳು. ನಾನು ಹಲ್ಲು ಕಿರಿದೆ. ಅದೇ ನಾನು ಮಾಡಿದ ಎರಡನೆಯ ತಪ್ಪು.

ಅದಾದ ಮೂರನೆಯ ತಿಂಗಳಿಗೆ ಮಾವ ತೀರಿಕೊಂಡರು. ಆಮೇಲೆ ಯಾರೂ ಅತ್ತೆಯನ್ನು ಕಳಸ ಹಿಡಿಯಲು ಕರೆಯಲಿಲ್ಲ. ಈ ಪದ್ಧತಿ ಮಾಡಿದ ಮಹಾನುಭಾವರ ತಲೆ ನನ್ನ ಕ್ಯಾಮೆರಾಕ್ಕೆ ಸಿಕ್ಕರೆ ಬೇಕೆಂದೇ ಕತ್ತರಿಸುತ್ತೇನೆ, ಅದಿರಲಿ. ಅವಳು ಕಳಸಗಿತ್ತಿಯಾಗಿ ನಿಂತದ್ದು ಅದೊಂದೇ ಸಲ, ಅದಕ್ಕಿದ್ದದ್ದು ನನ್ನ ಕ್ಯಾಸೆಟ್ಟೊಂದೇ, ಅದರಲ್ಲಿ ಅವಳಿಲ್ಲ. ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅಂದಿನಿಂದ ಅತ್ತೆ ನನ್ನ ಜೊತೆ ನೇರವಾಗಿ ಮಾತಾಡಿಲ್ಲ. ಹೋದರೆ ಊಟ ಹಾಕುತ್ತಾಳೆ, ಮುದ್ದೆ ಮೇಲೆ ಮುದ್ದೆ ಇಡುತ್ತಾಳೆ; ಆದರೆ ಎದುರಿಗೇ ಕೂತ ನನ್ನನ್ನು ಬಿಟ್ಟು ಲತಾಳ ಕಡೆ ತಿರುಗಿ, "ಅವನ್ಗೆ ಸಾರು ಬೇಕೇನೋ ಕೇಳಮ್ಮ" ಎನ್ನುತ್ತಾಳೆ. ನೆಂಟರ ಮದುವೆಗಳಲ್ಲಿ ನನ್ನ ಕ್ಯಾಮೆರಾ ಅವಳ ಕಡೆ ತಿರುಗಿದ ಕೂಡಲೇ ಎದ್ದು ಊಟದ ಮನೆಗೆ ಹೋಗುತ್ತಾಳೆ.

ಈಗ ಮಗಳು ಏನೆಂದಳು ಗೊತ್ತೆ? "ಅಪ್ಪಾ, ದೆವ್ವಕ್ಕೆ ಅಮ್ಮ ಆಗಲ್ಲ. ಪಾವಗಡದಜ್ಜಿ ಬೇಕು. ಆ ಹೈಟು, ಆ ನಡಿಗೆ ಯಾರಿಗಿದೆ?"

ಬೇರೆ ಯಾರನ್ನಾದರೂ ಹುಡುಕೋಣ ಎಂದು ಎರಡು ದಿನ ತಳ್ಳಿ ನೋಡಿದೆ. ಆದರೂ ಭಾನುವಾರ ನಾನೂ ಮಗಳೂ ಮೊದಲ ಬಸ್ಸಿಗೆ ಹೊರಟೆವು. ಅತ್ತೆ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು, ತಾನೂ ನಾಲ್ಕು ಸುಲಿದು, ವಿಷಯ ಹೇಳಿದಳು. ಮೊದಲು ಕೈ ಕಾಣಬೇಕು, ಆಮೇಲೆ ಪಾದ, ಮುಖ ಕಾಣಬಾರದು, ಹಾಗಿದ್ದರೇ ಜನಕ್ಕೆ ಭಯ ಎಂದೆಲ್ಲ ವಿವರಿಸಿದಳು.

ಅತ್ತೆ ನಕ್ಕಳು. "ಅದ್ನ ನನಗೆ ಹೇಳ್ಕೊಡ್ತೀಯೇನಮ್ಮ ನೀನು? ನಿಮ್ಮಪ್ಪನ್ನ ಅಂಗೇ ಮಲಗಿಸ್ತಿದ್ದೋಳು ನಾನು. ಬೆರಳು ಆಡ್ಸಿದ್ರೆ ಚಾಪೇಲೇ ಉಚ್ಚೆ ಹುಯ್ಕಂತಿದ್ದ."

ನಾನು ಕ್ಯಾಮೆರಾದ ಗಾಜು ಒರೆಸತೊಡಗಿದೆ.

"ಆದ್ರೆ ಒಂದ್ ಮಾತು" ಎಂದಳು ಅತ್ತೆ. "ಕಡೇಗೆ ನನ್ ತಲೆ ಬರ್ಬೇಕು. ಎಷ್ಟೇ ಹೆದ್ರುಸ್ಲಿ, ಕಡೇಗೆ ತಲೆ ತೋರ್ಸಿ ನಾನೇ ಕಣ್ರುಲಾ ಅನ್ಬೇಕು. ಇಲ್ದಿದ್ರೆ ಮಕ್ಳು ನಿಜವಾಗ್ಲೂ ಹೆದರ್ಕಂಬುಡ್ತಾವೆ."

"ನೋಡೋಣ ಅಜ್ಜಿ" ಎಂದಳು ಸಿಂಚನ.

ನೋಡೋಣ ಎಂಬ ಮಾತಿನ ಅರ್ಥ ನನಗೆ ಗೊತ್ತು. ಗಿರಾಕಿಗಳಿಗೆ ದಿನಾ ನಾನೇ ಹೇಳುತ್ತೇನೆ. ಅವಳನ್ನು ಪಕ್ಕಕ್ಕೆ ಕರೆದು, "ಮುಖ ಹಾಕಲೇಬೇಕು ಮರೀ" ಎಂದೆ. "ಹಾಕಿದ್ರೆ ಕೆಟ್ಟುಹೋಗತ್ತಪ್ಪ, ಅಜ್ಜಿ ಮುಖ ನೋಡಿದ್ರೆ ಯಾರಿಗಾದ್ರೂ ಹೋಳಿಗೆ ನೆನಪಾಗತ್ತೆ, ಭಯ ಎಲ್ಲಿಂದ ಬರ್ಬೇಕು?" ಎಂದಳು. ಅದೂ ನಿಜವೇ. ಎರಡನೆಯ ಸಲವೂ ತಲೆ ಕತ್ತರಿಸಿದರೆ ಈ ಜನ್ಮಕ್ಕೆ ನನಗೆ ಅತ್ತೆಯಿಲ್ಲ. ಹಾಕಿದರೆ ಮಗಳ ಟ್ರೈಲರ್ ಹೋಗುತ್ತದೆ.

ಅಷ್ಟರಲ್ಲಿ ಅತ್ತೆ ಒಳಗೆ ಹೋದವಳು ಹೊರಗೆ ಬಂದಳು. ಮೈಮೇಲೆ ಅದೇ ಹಸಿರು ರೇಷ್ಮೆ. ಕೈಯಲ್ಲಿ ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಚೊಂಬು, ಮೇಲೆ ಒಂದು ತೆಂಗಿನಕಾಯಿ. ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ ಇಣುಕಿ, "ಏನಕ್ಕಾ, ಈಗ ನೀನು ಕಳಸ ಹಿಡೀಬೌದಾ?" ಎಂದಳು.

"ನಾನು ದೆವ್ವ ಕಣಮ್ಮಿ ಇವತ್ತು. ದೆವ್ವಕ್ಕೇನು ಶಾಸ್ತ್ರ, ಬುಡು" ಎಂದಳು ಅತ್ತೆ.

ಮಟಮಟ ಮಧ್ಯಾಹ್ನಕ್ಕೇ ಶುರು ಮಾಡಿದೆವು. ಊರಾಚೆ ಬೇಲಿಯ ಆ ಕಡೆ ಸೋಲಾರ್ ಹಲಗೆಗಳು ಸಾಲು ಸಾಲಾಗಿ ಕಣ್ಣು ಹರಿಯುವಷ್ಟು ದೂರ ಹಾಸಿಕೊಂಡಿವೆ. ಜನವಿಲ್ಲ, ಸದ್ದಿಲ್ಲ, ಬಿಸಿಲೊಂದೇ. ಬೇಲಿಯ ಈಚೆ ಮಣ್ಣಿನ ರಸ್ತೆಯಲ್ಲಿ ಹೆದರುವ ಹುಡುಗಿಯಾಗಿ ಸಿಂಚನ ನಿಂತಳು. ಅವಳ ಹಿಂದೆ ಬಹಳ ದೂರದಲ್ಲಿ ಒಂದು ಹಸಿರು ಚುಕ್ಕೆ, ಅತ್ತೆ. ಮುಂದಿನ ಶಾಟಿನಲ್ಲಿ ಹುಡುಗಿ ಅಲ್ಲೇ, ಚುಕ್ಕೆ ಮಾತ್ರ ಹತ್ತಿರ. ಅತ್ತೆ ನಡೆದದ್ದು ಕಾಣುವುದೇ ಇಲ್ಲ. ಆಮೇಲೆ ಮನೆಗೆ ಬಂದು ಬಾಗಿಲ ಅಂಚಿನ ಬೆರಳುಗಳನ್ನು ತೆಗೆದೆ. ಒಂದು, ಎರಡು, ಮೂರು. ದೇವರಾಣೆ, ಐವತ್ತರ ಹತ್ತಿರ ಬಂದರೂ ನನಗೆ ಚಾಪೆ ನೆನಪಾಯಿತು. ಪಾದ ತೆಗೆಯಲು ನೆಲಕ್ಕೆ ಮಲಗಿದರೆ ಅತ್ತೆ ಮಗಳನ್ನು ಕೇಳಿದಳು: "ಅವ್ನು ಕ್ಯಾಮೆರಾ ಎಲ್ಲಿಗಿಕ್ಕವ್ನೆ ನೋಡಮ್ಮ. ತಲೆ ಮೇಲೈತೆ ಅಂತ ಹೇಳು."

ಕಡೆಯದು, ಹಿಂದಕ್ಕೆ ನಡೆಯುವ ಶಾಟ್. ಕಳಸ ಹಿಡಿದು ಅತ್ತೆ ಮುಂದೆ ಬರಬೇಕು, ಹುಡುಗಿಯ ಕಣ್ಣಿನ ಹಾಗೆ ಕ್ಯಾಮೆರಾ ಹಿಂದೆ ಸರಿಯಬೇಕು. "ಕತ್ತಿನ ತನಕ ಮಾತ್ರ ಇರಲಿ ಅಪ್ಪ" ಎಂದಳು ಮಗಳು. ಚೌಕಟ್ಟು ಹೊಂದಿಸಿ ನೋಡಿದೆ: ಕಳಸ, ಕಾಯಿ, ಬಳೆ, ಕೊರಳು. ಇಪ್ಪತ್ತೆರಡು ವರ್ಷದ ಹಿಂದಿನ ಅದೇ ಚಿತ್ರ, ಒಂದು ಕೂದಲೂ ಆಚೀಚೆಯಿಲ್ಲ. ಅತ್ತೆ ಬರತೊಡಗಿದಳು, ನಾನು ಸರಿಯತೊಡಗಿದೆ. ಅವಳ ಹೆಜ್ಜೆ ಬಿರುಸಾಯಿತು, ನನ್ನದೂ ಬಿರುಸಾಯಿತು. ಕ್ಯಾಮೆರಾ ಮುಖಕ್ಕೆ ಎತ್ತಲೇ, ಬೇಡವೇ, ಎತ್ತಲೇ, ಬೇಡವೇ ಎಂದುಕೊಳ್ಳುತ್ತಿರುವಾಗ ಬೆನ್ನಿನ ಕಣ್ಣು ಕೈಕೊಟ್ಟಿತು. ಹಿತ್ತಿಲಲ್ಲಿ ಒಟ್ಟಿದ್ದ ಕಡಲೆಕಾಯಿ ಬಳ್ಳಿಯ ಬಣವೆಗೆ ಹಿಮ್ಮಡಿ ತಾಕಿ ನಾನು ಅಂಗಾತ ಒಳಕ್ಕೆ ಹೋದೆ. ಕ್ಯಾಮೆರಾ ಎದೆಯ ಮೇಲೆ, ಆಕಾಶ ನೋಡುತ್ತ. ಆ ಆಕಾಶಕ್ಕೆ ಒಂದು ಪಕ್ಕದಿಂದ ಅತ್ತೆಯ ಮುಖ ಬಂತು. ಬಗ್ಗಿತು. ಇನ್ನೂ ಬಗ್ಗಿತು. ಕಣ್ಣು ಅಗಲ, ಬಾಯಿ ಅಗಲ, ಬಿಳಿ ಕೂದಲು ಬಿಸಿಲಲ್ಲಿ ಕೆದರಿ ಚೌಕಟ್ಟಿನ ತುಂಬ ಅತ್ತೆಯೇ ಅತ್ತೆ.

"ಲೇ ಸೀನ! ಪೆಟ್ಟಾಯ್ತೇನ್ಲಾ ಮಗನೇ?"

ಇಪ್ಪತ್ತೆರಡು ವರ್ಷದ ಮೇಲೆ ನನ್ನ ಹೆಸರು ಹಿಡಿದು ಕರೆದಳು. ಬಣವೆಯಿಂದ ಏಳಲು ನನಗೆ ಮನಸ್ಸೇ ಬರಲಿಲ್ಲ. ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಅತ್ತೆ ಸೆಟೆದು ನಿಂತು, ಮಗಳ ಕಡೆ ತಿರುಗಿ, "ಅವನ್ಗೆ ಒಂದ್ ಲೋಟ ಮಜ್ಜಿಗೆ ಕೊಡಮ್ಮ" ಎಂದಳು. ಮತ್ತೆ ಮೊದಲಿನ ಹಾಗೇ ಆಯಿತು.

ಮಗಳು ಆ ತುಣುಕನ್ನು ಹಿಂದೆ ಮುಂದೆ ಓಡಿಸಿ ನಾಲ್ಕು ಸಲ ನೋಡಿದಳು. ಹಾಕುತ್ತೀಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಾಕುವುದಿಲ್ಲ ಎಂದರೆ ಏನು ಹೇಳುವುದು? ಟ್ರೈಲರ್ ಅವಳದು.

ತೋರಿಸುವ ದಿನ ಅತ್ತೆ ಹಸಿರು ಸೀರೆಯುಟ್ಟು ಒಬ್ಬಳೇ ಪಾವಗಡದ ಬಸ್ಸಿಳಿದು ಬಂದಳು. ಸಭಾಂಗಣದಲ್ಲಿ ನನಗೂ ಅವಳಿಗೂ ನಡುವೆ ಲತಾ. ದೀಪ ಆರಿತು. ಬೇರೆ ಮಕ್ಕಳ ಟ್ರೈಲರುಗಳು ಬಂದು ಹೋದವು, ಆಮೇಲೆ ನಮ್ಮದು ಶುರುವಾಯಿತು. ಬಿಸಿಲು, ಹಲಗೆಗಳ ಸಾಲು, ದೂರದ ಹಸಿರು ಚುಕ್ಕೆ. ಬಾಗಿಲ ಬೆರಳಿಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು "ಅಮ್ಮಾ" ಎಂದಳು. ಕಳಸ ಬಂತು, ಕಾಯಿ ಬಂತು, ಬಳೆ ಬಂತು, ಕೊರಳು ಬಂತು. ತಲೆಯಿಲ್ಲದ ದೆವ್ವವೆಂದು ಯಾರೋ ಪಿಸುಗುಟ್ಟಿದರು. ಲತಾಳ ಆಚೆ ಅತ್ತೆ ಮಿಸುಕಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಒಮ್ಮೆಗೇ ಇಡೀ ಸಭೆ ಚಿಟ್ಟನೆ ಚೀರಿತು. ಕಣ್ಣು ಬಿಟ್ಟರೆ ಪರದೆ ಆಕಾಶವಾಗಿತ್ತು, ಆಕಾಶದ ತುಂಬ ಅತ್ತೆಯ ಮುಖ, ಎರಡಾಳೆತ್ತರ, ಬಾಯಿ ತೆರೆದುಕೊಂಡು ಮೇಲೆ ಬೀಳುವ ಹಾಗೆ ಬಗ್ಗುತ್ತಿತ್ತು. ಮಗಳು ಸದ್ದು ಪೂರ್ತಿ ತೆಗೆದುಹಾಕಿದ್ದಳು. ಆ ಬಾಯಿ ಪೆಟ್ಟಾಯ್ತೇನ್ಲಾ ಎಂದು ಕೇಳುತ್ತಿದೆಯೆಂದು ಅಷ್ಟು ಜನರಲ್ಲಿ ನಮಗೆ ಮೂವರಿಗೇ ಗೊತ್ತು. ಮೇಷ್ಟ್ರೇ ಕುರ್ಚಿಯಿಂದ ಅರ್ಧ ಎದ್ದಿದ್ದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ, ಶಿಳ್ಳೆ, ನಗು.

ಲತಾಳ ಬೆನ್ನ ಹಿಂದಿನಿಂದ ಒಂದು ಉದ್ದನೆಯ ಕೈ ಬಂದು, ಐದು ಬೆರಳೂ ಒಂದೊಂದಾಗಿ ನನ್ನ ಭುಜದ ಮೇಲೆ ಕೂತವು.

"ಬಂತು ಕಣ್ಲಾ ಸೀನ, ನನ್ ತಲೆ" ಎಂದಳು ಅತ್ತೆ. "ಇನ್ನೊಂದ್ ಸಲ ಹಾಕ್ಸು. ಕನ್ನಡಕ ಹಾಕ್ಕಂಡು ನೋಡ್ತೀನಿ."